‘ಕೊನೆಯ ಪಾಳಿ’ಯ ನೆಗೆಟಿವ್

"ಇನ್ನೂ ಮಸುಕೇ," ಎಂದಳು ಕಲ್ಪನ.

ಸುಧಾಕರ್ ಕತ್ತು ಚಾಚಿ ನೋಡಿದ. ಬಂಗಾರಪೇಟೆ ರೈಲ್ವೆ ಸ್ಟೇಷನ್ ರಸ್ತೆಯ ಅವನ ಸ್ಟುಡಿಯೋದ ಒಳಕೋಣೆಯಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ ಒಂದು ಕಪ್ಪುಬಿಳುಪು ಚಿತ್ರ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಮೂಡುತ್ತಿತ್ತು. ಗಣಿಯ ಬಾಯಿಂದ ಮೇಲೆದ್ದು ನಿಂತ ಪಂಜರದಂಥ ಲಿಫ್ಟು. ಅದರಿಂದ ಇಳಿಯುತ್ತಿರುವ ಕಾರ್ಮಿಕರು. ಮುಂದಿನವನು ಹೆಲ್ಮೆಟ್ ತೆಗೆದು ಎದೆಗೆ ಒತ್ತಿಕೊಂಡಿದ್ದಾನೆ. ಹಿಂದಿನವನು ತಿರುಗಿ, ತಾನು ಹತ್ತಿಬಂದ ಕತ್ತಲೆಯನ್ನು ಕೊನೆಯ ಸಲ ನೋಡುತ್ತಿದ್ದಾನೆ.

ಕೆಜಿಎಫ್‌ನಲ್ಲಿ ಈ ಚಿತ್ರ ನೋಡದವರಿಲ್ಲ. ಗಣಿ ಮುಚ್ಚಿದ ದಿನ ತೆಗೆದದ್ದು. ಹೆಸರು ‘ಕೊನೆಯ ಪಾಳಿ’. ಬೇಕರಿಯಲ್ಲಿ, ಕ್ಷೌರದಂಗಡಿಯಲ್ಲಿ, ಶಾಲೆಯ ಹೆಡ್‌ಮಾಸ್ಟರ ಕೋಣೆಯಲ್ಲಿ, ಸಬ್ ಇನ್ಸ್‌ಪೆಕ್ಟರ್ ಕಲ್ಪನ ಕೆಲಸ ಮಾಡುವ ಠಾಣೆಯ ಗೋಡೆಯ ಮೇಲೂ ಅದು ತೂಗಾಡುತ್ತಿತ್ತು. ಕೆಳಗಡೆ ಸಹಿ: ನಾಗರಾಜ್.

ಆ ನಾಗರಾಜ್ ಹೋದ ಭಾನುವಾರ ಸಂಜೆ ಆಂಡರ್ಸನ್‌ಪೇಟೆಯ ತನ್ನ ಮನೆಯ ಹೊರಗಿನ ಮಹಡಿ ಮೆಟ್ಟಿಲ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದ. ಎದೆಯ ಮೇಲೆ ಯಾರೋ ಬಲವಾಗಿ ತಳ್ಳಿದ ಗುರುತು. ಅಂಗಿಯ ಜೇಬಿನಲ್ಲಿ ಈ ಚಿತ್ರದ ನೆಗೆಟಿವ್ ಪಟ್ಟಿ.

ತಳ್ಳಿದವನು ಸುಧಾಕರ್ ಎಂದು ಊರು ಆಗಲೇ ತೀರ್ಮಾನಿಸಿಬಿಟ್ಟಿತ್ತು. ಇಪ್ಪತ್ತೈದು ವರ್ಷಗಳಿಂದ ಅವನು ಒಂದೇ ಮಾತು ಹೇಳಿಕೊಂಡು ಬಂದಿದ್ದ: ‘ಕೊನೆಯ ಪಾಳಿ’ ತೆಗೆದದ್ದು ನಾನು, ನಾಗರಾಜ ಕದ್ದ. ಆ ಚಿತ್ರ ತೂಗುಹಾಕಿದ ಹೋಟೆಲಿನಲ್ಲಿ ಅವನು ಕಾಫಿ ಕುಡಿಯುತ್ತಿರಲಿಲ್ಲ. ಅದು ಇದ್ದ ಕಲ್ಯಾಣ ಮಂಟಪದಲ್ಲಿ ಮದುವೆ ಫೋಟೋ ಒಪ್ಪುತ್ತಿರಲಿಲ್ಲ. ಮುಂದಿನ ವಾರ ನಾಗರಾಜನಿಗೆ ಕೆಜಿಎಫ್‌ನಲ್ಲಿ ಸನ್ಮಾನ, ದೊಡ್ಡ ಪ್ರದರ್ಶನ ಎಂದು ಗೊತ್ತಾದಾಗ ಬಸ್ ನಿಲ್ದಾಣದಲ್ಲಿ ಎಲ್ಲರೆದುರು ಅವನ ಕೊರಳಪಟ್ಟಿ ಹಿಡಿದಿದ್ದ. ಭಾನುವಾರ ಸಂಜೆ ಅವನನ್ನು ಆಂಡರ್ಸನ್‌ಪೇಟೆಯಲ್ಲಿ ಕಂಡವರಿದ್ದರು.

ಇನ್ಸ್‌ಪೆಕ್ಟರ್ ಸಾಹೇಬರಿಗೆ ಇವತ್ತೇ ಬಂಧನ ಬೇಕಿತ್ತು. ಕಲ್ಪನ ಒಂದು ದಿನ ಕೇಳಿ ಪಡೆದಿದ್ದಳು. ಸತ್ತವನ ಜೇಬಿನಲ್ಲಿ ಈ ಪಟ್ಟಿ ಯಾಕಿತ್ತು ಎಂಬುದು ತಿಳಿಯದೆ ಅವಳಿಗೆ ಯಾರ ಕೈಗೂ ಕೋಳ ಹಾಕುವ ಮನಸ್ಸಿರಲಿಲ್ಲ. ಬೆಂಗಳೂರಿನ ಪ್ರಯೋಗಾಲಯದ ಉತ್ತರ ಬರುವುದರೊಳಗೆ ತಿಂಗಳುಗಳು ಕಳೆಯುತ್ತವೆ. "ನನ್ನ ಮಿಷಿನ್ನಲ್ಲೇ ನೋಡಿ ಮೇಡಂ. ನಾನು ಕೈಯಿಡಲ್ಲ. ಎಲ್ಲಾ ನೀವೇ ಮಾಡಿ, ಎಂಗೆ ಅಂತ ನಾನೇಳ್ತೀನಿ," ಎಂದು ಸುಧಾಕರ್ ತಾನಾಗಿ ಅಂದಿದ್ದ.

ಅದಕ್ಕೇ ಅವಳು ಹತ್ತಿಯ ಕೈಗವಸು ಹಾಕಿಕೊಂಡು ಸ್ಕ್ಯಾನರಿನ ಮುಂದೆ ಕೂತಿದ್ದಳು. ಅವನು ಎರಡು ಅಡಿ ದೂರದ ಸ್ಟೂಲಿನ ಮೇಲೆ. ಮೂಲೆಯಲ್ಲಿ ಒರಗಿಸಿಟ್ಟ ಅವಳ ಫೋನು ಎಲ್ಲವನ್ನೂ ವಿಡಿಯೋ ಮಾಡಿಕೊಳ್ಳುತ್ತಿತ್ತು.

"ರೆಸಲ್ಯೂಶನ್ ಜಾಸ್ತಿ ಮಾಡಲಾ?"

"ಬ್ಯಾಡಿ. ಡಬ್ಬದ ಮೇಲೆ ಆರು ಸಾವ್ರದ ನಾನೂರು ಅಂತ ಬರ್ದವ್ರೆ. ಅಷ್ಟಕ್ಕಿಟ್ರೆ ಫೈಲು ದಪ್ಪ ಆಯ್ತದೆ ಒರ್ತು ಫೋಟೋ ಚೂಪಾಗಲ್ಲ. ತೊಂದ್ರೆ ಇರೋದು ಎತ್ತರದಲ್ಲಿ."

"ಎತ್ತರ ಅಂದ್ರೆ?"

"ಇದು ಕ್ಯಾಮೆರಾ ಅಲ್ಲ ಮೇಡಂ, ಫೋಕಸ್ ತಿರುಗ್ಸಕ್ಕೆ. ಗಾಜಿಂದ ಇಷ್ಟು ಮೇಲಿದ್ರೆ ಚೂಪು ಅಂತ ಫ್ಯಾಕ್ಟ್ರೀಲೇ ಕಟ್ಟಾಕ್ಬಿಟ್ಟವ್ರೆ. ನೆಗೆಟಿವ್ ಅದಕ್ಕಿಂತ ಕೂದಲೆಳೆ ಕೆಳಗೆ ಕೂತ್ರೂ ಮಸುಕು, ಮೇಲೆ ಕೂತ್ರೂ ಮಸುಕು. ಕಂಪ್ನಿ ಕೊಟ್ಟ ಪ್ಲಾಸ್ಟಿಕ್ ಚೌಕಟ್ಟು ಸರ್ಯಾಗಿ ಆ ಎತ್ತರದಲ್ಲೇ ಐತೆ ಅಂತ ಏನೂ ಗ್ಯಾರಂಟಿ ಇಲ್ಲ."

ಅವನು ತನ್ನದೇ ವಿಸಿಟಿಂಗ್ ಕಾರ್ಡನ್ನು ಕತ್ತರಿಸಿ ಸಣ್ಣ ಚೂರುಗಳನ್ನು ಮೇಜಿನ ಮೇಲೆ ತಳ್ಳಿದ. ಚೌಕಟ್ಟಿನ ನಾಲ್ಕು ಮೂಲೆಗಳ ಕೆಳಗೆ ಒಂದೊಂದು ಚೂರು ಇಟ್ಟು ಕಲ್ಪನ ಮತ್ತೆ ಸ್ಕ್ಯಾನ್ ಮಾಡಿದಳು. ಆಮೇಲೆ ಎರಡೆರಡು. ಆಮೇಲೆ ಇನ್ನೊಂದು.

"ಮುಖ ನೋಡ್ಬ್ಯಾಡಿ," ಎಂದ ಸುಧಾಕರ್. "ಮುಖ ನೋಡಿದ್ರೆ ಕಣ್ಣು ಮೋಸ ಮಾಡ್ತದೆ. ಬೂದು ಇರೋ ಜಾಗದಲ್ಲಿ ಕಣ ನೋಡಿ."

ಅವಳು ಆಕಾಶದ ಭಾಗವನ್ನು ದೊಡ್ಡದು ಮಾಡಿದಳು. ಮೊದಲ ಸಲ ಅಲ್ಲಿ ಬರೀ ಹೊಗೆಯಿತ್ತು. ಈಗ ಕಪ್ಪು ಬಟ್ಟೆಯ ಮೇಲೆ ರಾಗಿಹಿಟ್ಟು ಚೆಲ್ಲಿದಂತೆ ಒಂದೊಂದು ಕಣವೂ ಬಿಡಿಬಿಡಿಯಾಗಿ ನಿಂತಿತು.

"ಅದೇ! ಅದೇ ಎತ್ತರ!" ಅವನು ಸ್ಟೂಲಿನಿಂದ ಅರ್ಧ ಎದ್ದ. ಅವಳು ಅವನನ್ನು ದಿಟ್ಟಿಸಿದ ಮೇಲೆ ಮತ್ತೆ ಕೂತ.

ಆದರೆ ಚಿತ್ರದ ನಡುಭಾಗ ಮಾತ್ರ ಚೂಪಾಗಿತ್ತು. ಅಂಚುಗಳು ಇನ್ನೂ ಕರಗಿದಂತಿದ್ದವು. ಅವರಿಗೆ ಬೇಕಾದದ್ದೇ ಅಂಚು.

ಅದೂ ಸುಧಾಕರ್ ಹೇಳಿದ್ದೇ. ಪ್ರತಿ ಕ್ಯಾಮೆರಾದ ಒಳಗೂ ಲೆನ್ಸಿನ ಹಿಂದೆ ಒಂದು ಕಿಂಡಿ ಇರುತ್ತದೆ. ಬೆಳಕು ಆ ಕಿಂಡಿಯಲ್ಲಿ ಹಾದು ಫಿಲ್ಮಿಗೆ ಬೀಳುವುದರಿಂದ, ಕಿಂಡಿಯ ಅಂಚೇ ಚಿತ್ರದ ಅಂಚಾಗುತ್ತದೆ. ಅಲ್ಲಿ ಒಂದು ಗೀರೋ ಉಬ್ಬೋ ಇದ್ದರೆ ಆ ಕ್ಯಾಮೆರಾದಲ್ಲಿ ತೆಗೆದ ಪ್ರತಿಯೊಂದು ಚಿತ್ರದ ಅಂಚಿನಲ್ಲೂ ಅದು ಬರುತ್ತದೆ. ಪ್ರಿಂಟ್ ಹಾಕುವಾಗ ಅಂಚನ್ನು ಮುಚ್ಚಿಬಿಡುವುದರಿಂದ ಇಷ್ಟು ವರ್ಷ ಯಾರೂ ಅದನ್ನು ಕಂಡಿರಲಿಲ್ಲ. ನೆಗೆಟಿವ್ ಇದ್ದದ್ದು ನಾಗರಾಜನ ಬೀರುವಿನಲ್ಲಿ. ಅವನು ಅದನ್ನು ಯಾರಿಗೂ ತೋರಿಸಿದವನಲ್ಲ.

"ಜೇಬಲ್ಲಿಟ್ಟು ಬಗ್ಗೋಗೈತೆ," ಎಂದ ಸುಧಾಕರ್. "ಮಧ್ಯ ಉಬ್ಬಿ ಅಂಚು ಇಳ್ದವೆ. ಚೌಕಟ್ಟು ತೆಗೀರಿ. ಅದು ಅಂಚನ್ನೂ ಮುಚ್ತದೆ."

ಅವನು ಕಪಾಟಿನಿಂದ ಒಂದು ಗಾಜು ತಂದ. ಅದರ ಒಂದು ಮೈ ನಯ, ಇನ್ನೊಂದು ಮೈ ಕಾಣದಷ್ಟು ತರಿತರಿ. ಫಿಲ್ಮಿನ ಹೊಳೆಯುವ ಮೈಯನ್ನು ತರಿಯಾದ ಗಾಜಿಗೆ ಒತ್ತಿ, ಎರಡೂ ತುದಿಗೆ ಟೇಪು ಹಾಕಿ, ಮಂಕು ಮೈ ಕೆಳಗೆ ಬರುವಂತೆ ಇಡಬೇಕು. ನಯವಾದ ಗಾಜಾದರೆ ನೀರಿನ ಮೇಲೆ ಎಣ್ಣೆ ಬಿದ್ದ ಹಾಗೆ ಬಣ್ಣದ ಉಂಗುರಗಳು ಏಳುತ್ತವೆ. ಕಲ್ಪನ ಗಾಜನ್ನು ಕಾರ್ಡಿನ ಚೂರುಗಳ ಮೇಲೆ ಅದೇ ಎತ್ತರಕ್ಕೆ ಕೂರಿಸಿದಳು. ಪಟ್ಟಿ ಕೊನೆಗೂ ಸಪಾಟಾಗಿ ಮಲಗಿತು.

"ಸಾಫ್ಟ್‌ವೇರಲ್ಲಿ ಶಾರ್ಪ್ ಮಾಡೋ ಬಟನ್ ಇದೆಯಲ್ಲ, ಒತ್ತಲಾ?"

"ಮುಟ್ಬ್ಯಾಡಿ! ಅದು ಇಲ್ದಿರೋ ಅಂಚನ್ನೂ ಉಟ್ಟಿಸ್ತದೆ. ನಾಳೆ ಕೋರ್ಟಲ್ಲಿ ವಕೀಲ ಅದನ್ನೇ ಇಡ್ಕೊಳ್ತಾನೆ. ಧೂಳು ತೆಗ್ಯೋ ಬಟನ್ನೂ ಬ್ಯಾಡ, ಈ ಫಿಲ್ಮಲ್ಲಿರೋದು ಬೆಳ್ಳಿ ಕಣ, ಅದನ್ನೇ ಧೂಳು ಅನ್ಕೊಂಡು ಒರೆಸ್ಬಿಡ್ತದೆ."

ಕಲ್ಪನ ಅವನ ಮುಖ ನೋಡಿದಳು. ಕೊಲೆಯ ಆರೋಪ ತಲೆಯ ಮೇಲೆ ತೂಗುತ್ತಿರುವ ಮನುಷ್ಯನ ಮುಖ ಅದಾಗಿರಲಿಲ್ಲ. ಇವನು ಗಂಡಸುತನವನ್ನೆಲ್ಲ ಒಂದು ಚಿತ್ರದ ಮೇಲೆ ಪಣಕ್ಕಿಟ್ಟವನು. ಜೈಲಾದರೂ ಸರಿ, ಆ ಚಿತ್ರ ತನ್ನದೆಂದು ಸಾಬೀತಾದರೆ ಸಾಕು ಎಂಬ ಹಸಿವು ಅವನ ಕಣ್ಣಿನಲ್ಲಿತ್ತು.

ಅವಳಿಗೆ ಆ ಹಸಿವಿನ ಪರಿಚಯವಿತ್ತು. ಕ್ಯಾಸಂಬಳ್ಳಿಯ ಮನೆಯಲ್ಲಿ ಹಾಲು ಕರೆಯುತ್ತಿದ್ದವಳು ತಾನು, ಡೇರಿಯಲ್ಲಿ ಅಪ್ಪ ಹೊಗಳುತ್ತಿದ್ದದ್ದು ತಂಗಿಯನ್ನು. ಇವತ್ತಿಗೂ ತಂಗಿಯ ಹೆಸರು ಬಂದರೆ ಅವಳು ಮಾತು ಬದಲಿಸುತ್ತಾಳೆ.

"ಆ ದಿನ ಏನಾಯ್ತು, ಇನ್ನೊಂದ್ಸಲ ಹೇಳಿ," ಎಂದಳು.

"ಆಗ ನಾನೂ ಅವನೂ ಪಾಲುದಾರ್ರು. ಆಂಡರ್ಸನ್‌ಪೇಟೇಲಿ ಒಂದೇ ಸ್ಟುಡಿಯೋ. ಇಬ್ರೂ ಪಕ್ಕಪಕ್ಕ ನಿಂತು ಫೋಟೋ ಒಡುದ್ವಿ. ಅಂಡ್ರೆಡ್ ಪರ್ಸೆಂಟ್ ಅದೇ ಗಳಿಗೇಲಿ ನಾನು ಒತ್ತಿದ್ದೆ ಮೇಡಂ, ಆ ಎಲ್ಮೆಟ್ ಎದೆಗೆ ಬಂದಿದ್ದು ಈಗ್ಲೂ ಕಣ್ಮುಂದೈತೆ. ಸಾಯಂಕಾಲ ರೋಲೆಲ್ಲ ಒಟ್ಟಿಗೆ ತೊಳ್ದು, ಒಂದೇ ದಾರಕ್ಕೆ ನೇತಾಕಿದ್ವಿ. ಬೆಳಿಗ್ಗೆ ಬಂದು ನೋಡಿದ್ರೆ ಆ ಪಟ್ಟಿ ಅವನ ಜೇಬಲ್ಲಿ. ನಂದು ಅಂದ. ಬೆಂಗ್ಳೂರಿಗೆ ಕಳ್ಸಿದ, ಬಹುಮಾನ ಬಂತು. ನಾನು ಬಂಗಾರಪೇಟೆಗೆ ಬಂದೆ."

ಸ್ಕ್ಯಾನರಿನ ಬೆಳಕು ತುದಿ ಮುಟ್ಟಿತು.

ಚಿತ್ರ ಈಗ ಅಂಚಿನವರೆಗೂ ಚೂಪಾಗಿತ್ತು. ಲಿಫ್ಟಿನ ಕಂಬಿಯ ಮೇಲಿನ ತುಕ್ಕು, ಹೆಲ್ಮೆಟ್ಟಿನ ಮೇಲಿನ ಗೀರು, ಮುಂದಿನವನ ಗಲ್ಲದ ಮೇಲಿನ ಮಣ್ಣು, ಅದರ ನಡುವೆ ಕಣ್ಣೀರು ಇಳಿದ ದಾರಿ. ಇಷ್ಟು ವರ್ಷ ಆ ಚಿತ್ರ ನೋಡಿದ್ದ ಕಲ್ಪನಳಿಗೆ ಅವನು ಅಳುತ್ತಿದ್ದಾನೆಂದು ಗೊತ್ತಿರಲಿಲ್ಲ.

ಕೆಳಗೆ, ಬಲಮೂಲೆಯ ಹತ್ತಿರ, ಚಿತ್ರದ ಗೆರೆಯಿಂದ ಹೊರಗೆ ಹಲ್ಲಿನಂಥ ಒಂದು ಪುಟ್ಟ ಗುರುತು ಚಾಚಿಕೊಂಡಿತ್ತು.

"ಇದೇನು?"

ಅವಳು ತಿರುಗಿದಳು. ಸುಧಾಕರನ ಬಾಯಿ ಅರ್ಧ ತೆರೆದಿತ್ತು.

"ಕಾದು," ಎಂದ ಮೆಲ್ಲಗೆ. "ಕಾದು, ಕಾದು." ಗಾಬರಿಯಾದರೆ ಅವನ ಬಾಯಿಗೆ ಮನೆಯ ತೆಲುಗು ಬರುತ್ತಿತ್ತು. ಅಲ್ಲ, ಅಲ್ಲ ಎನ್ನುತ್ತಿದ್ದ.

"ಏನದು ಸುಧಾಕರ್?"

"ಧೂಳು."

ಕಲ್ಪನ ಗಾಳಿ ಊದುವ ರಬ್ಬರ್ ಬುರುಡೆಯಿಂದ ಗಾಜನ್ನೂ ಪಟ್ಟಿಯನ್ನೂ ಊದಿದಳು. ಮತ್ತೆ ಸ್ಕ್ಯಾನ್ ಮಾಡಿದಳು. ಆಕಾಶದಲ್ಲಿದ್ದ ಎರಡು ಬಿಳಿ ಚುಕ್ಕಿ ಮಾಯವಾದವು. ಹಲ್ಲು ಅಲ್ಲೇ ಇತ್ತು. ಅದೇ ಪಟ್ಟಿಯ ಉಳಿದ ಚಿತ್ರಗಳನ್ನು ನೋಡಿದಳು. ಎಲ್ಲದರಲ್ಲೂ, ಅದೇ ಮೂಲೆಯಲ್ಲಿ, ಅದೇ ಹಲ್ಲು.

"ಧೂಳು ಹೀಗೆ ಸಾಲಾಗಿ ಕೂರಲ್ಲ," ಎಂದಳು. "ನಿಮ್ಮ ಹಳೇ ನೆಗೆಟಿವ್ ಕೊಡಿ."

ಸುಧಾಕರನ ಪಟ್ಟಿಯ ಅಂಚು ಅಳತೆಗೋಲಿಟ್ಟು ಎಳೆದಷ್ಟು ನೇರವಾಗಿತ್ತು. ಹಲ್ಲಿಲ್ಲ.

ನಾಗರಾಜನ ಬೀರುವಿನಿಂದ ತಂದ ಲಕೋಟೆಯಿಂದ ಒಂದು ಪಟ್ಟಿ ತೆಗೆದಳು. ಅವನು ಆ ಕಾಲಕ್ಕೆ ತೆಗೆದಿದ್ದ ಶಾಲೆಯ ಗ್ರೂಪ್ ಫೋಟೋಗಳು. ಎಡಮೂಲೆ ತುಸು ದುಂಡಗಿತ್ತು. ಹಲ್ಲಿಲ್ಲ.

ಹೊರಗೆ ರಸ್ತೆಯಲ್ಲಿ ಆಟೋದವನು ಕೋಲಾರ, ಕೋಲಾರ ಎಂದು ಕೂಗುತ್ತಿದ್ದ.

ಕಲ್ಪನ ಕಾದಳು. ಈಗ ಸುಧಾಕರ್ ಕುಣಿಯಬೇಕಿತ್ತು. ತನ್ನದಲ್ಲದಿದ್ದರೂ ಸರಿ, ನಾಗರಾಜನದೂ ಅಲ್ಲವಲ್ಲ! ಅವನನ್ನು ಕಳ್ಳ ಎಂದು ಕರೆದದ್ದು ನಿಜವಾಯಿತಲ್ಲ! ಇಪ್ಪತ್ತೈದು ವರ್ಷದ ಹೊಟ್ಟೆಕಿಚ್ಚಿಗೆ ಅದಕ್ಕಿಂತ ತಂಪು ಏನಿದೆ? ಆದರೆ ಅವನು ಲಕೋಟೆಯಲ್ಲಿ ಉಳಿದಿದ್ದ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದವನು, ಒಂದನ್ನು ಮಾತ್ರ ಮೆಲ್ಲಗೆ ಮೇಜಿನ ಅಂಚಿಗೆ ಸರಿಸಿದ.

"ಅದ್ಯಾಕೆ ಪಕ್ಕಕ್ಕಿಟ್ರಿ?"

"ಅದು ಮನೆ ಫೋಟೋ ಮೇಡಂ. ಕೇಸಿಗೇನೂ ಸಂಬಂಧ ಇಲ್ಲ."

"ನೀವು ಕೈಯಿಡಲ್ಲ ಅಂತ ಮಾತಾಗಿತ್ತು."

ಅವಳು ಪಟ್ಟಿಯನ್ನು ಎತ್ತಿಕೊಂಡು ಗಾಜಿಗೆ ಟೇಪು ಹಾಕಿದಳು. ಸ್ಕ್ಯಾನರಿನ ಬೆಳಕು ತುದಿಯವರೆಗೆ ತೆವಳಿತು.

ಬೇತಮಂಗಲದ ಕೆರೆಯ ಏರಿ. ಹಿಂದೆ ನೀರು. ಮುಂದೆ ಹರೆಯದ ನಾಗರಾಜ್, ಪ್ಯಾಂಟು ಮೊಣಕಾಲಿಗೆ ಮಡಿಚಿ, ಕ್ಯಾಮೆರಾ ಹಿಡಿದವರನ್ನು ನೋಡಿ ಮನಸಾರೆ ನಗುತ್ತಿದ್ದಾನೆ. ಹೊಸದಾಗಿ ಮದುವೆಯಾದ ಗಂಡಸು ಒಬ್ಬರ ಮುಂದೆ ಮಾತ್ರ ನಗುವ ನಗು.

ಕೆಳಗೆ ಬಲಮೂಲೆಯಲ್ಲಿ ಆ ಹಲ್ಲು.

"ಶಶಿರೇಖ," ಎಂದಳು ಕಲ್ಪನ. "ನಾಗರಾಜನ ಹೆಂಡತಿ."

ಸುಧಾಕರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಆ ಕ್ಯಾಮೆರಾ ನಾನೇ ಕೊಟ್ಟಿದ್ದು. ಅವರ ಮದ್ವೆಗೆ. ಮೊದಲ್ನೇ ರೋಲು ಆಕ್ವಾಗ ಒಳಗೆ ಫಿಲ್ಮು ತುಂಡಾಗಿ ಸಿಕ್ಕೊಂಡ್ಬಿಡ್ತು. ಸ್ಕ್ರೂಡ್ರೈವರಲ್ಲಿ ಕೆರೆದು ತೆಗ್ದೆ. ಕಿಂಡಿ ಅಂಚು ಗೀಚೋಯ್ತು. ಸಾರಿ ಅಂದೆ. ‘ಬಿಡು ಸುಧಾಕರಣ್ಣ, ಅದ್ಯಾರು ನೋಡ್ತಾರೆ’ ಅಂದ್ಲು." ಅವನ ಭುಜ ಅಲ್ಲಾಡುತ್ತಿತ್ತು. "ಅವತ್ತು ಅವಳೂ ಬಂದಿದ್ಲು ಮೇಡಂ, ಗಣಿ ಅತ್ರ. ನಮ್ಮಿಬ್ರ ಮಧ್ಯ ನಿಂತಿದ್ಲು. ಅವಳದೂ ಒಂದು ರೋಲು ಅದೇ ದಾರದಲ್ಲಿ ನೇತಾಡ್ತಿತ್ತು. ನಾನದನ್ನ ಲೆಕ್ಕಕ್ಕೇ ಇಟ್ಕೊಂಡಿರ್ಲಿಲ್ಲ. ಇಷ್ಟು ವರ್ಷ, ಒಂದಿನಾನೂ!"

"ಭಾನುವಾರ ಸಂಜೆ ಆಂಡರ್ಸನ್‌ಪೇಟೆಗೆ ಯಾಕೆ ಹೋಗಿದ್ರಿ?"

"ನೆಗೆಟಿವ್ ತೋರ್ಸು ಅಂತ ಕೇಳಕ್ಕೆ. ಬೀದಿ ತಿರುವಿನ ತನ್ಕ ಓಗಿದ್ದೆ. ಅಲ್ಲಿಂದ್ಲೇ ವಾಪಸ್ ಬಂದೆ."

"ಯಾಕೆ ವಾಪಸ್ ಬಂದ್ರಿ? ಏನು ನೋಡಿದ್ರಿ ಅಲ್ಲಿ?"

ಅವನು ಮುಖದಿಂದ ಕೈ ತೆಗೆದ. ಕಣ್ಣು ಕೆಂಪಾಗಿದ್ದವು. ಹಸಿವು ಹೋಗಿ, ಅವುಗಳಲ್ಲಿ ಬೇರೇನೋ ಬಂದು ಕೂತಿತ್ತು.

"ಏನೂ ಇಲ್ಲ ಮೇಡಂ," ಎಂದ.

ಕಲ್ಪನ ನೆಗೆಟಿವ್‌ಗಳನ್ನೂ ಸ್ಕ್ಯಾನ್ ತುಂಬಿದ ಪೆನ್ ಡ್ರೈವನ್ನೂ ಚೀಲಕ್ಕೆ ಹಾಕಿಕೊಂಡಳು. ಶಶಿರೇಖಳಿಗೆ ಫೋನ್ ಮಾಡಬಾರದೆಂದು ತಾಕೀತು ಮಾಡಿದಳು. ಮಾಡಲ್ಲ ಎಂದು ಅವನು ತಲೆಯಾಡಿಸಿದ. ಆ ಮಾತನ್ನು ಅವನು ಉಳಿಸಿಕೊಂಡ. ಅವನು ಬೇರೆ ಏನು ಮಾಡಬಹುದೆಂದು ಅವಳಿಗೆ ಹೊಳೆಯಲಿಲ್ಲ.

*

ಆಂಡರ್ಸನ್‌ಪೇಟೆಯಲ್ಲಿ ನಾಗರಾಜನ ಮನೆಗೆ ದುಃಖ ಕೇಳಲು ಬಂದವರೆಲ್ಲ ಊಟ ಮುಗಿಸಿ ಹೋಗಿದ್ದರು. ಶಶಿರೇಖ ಬಾಡಿಗೆಗೆ ತಂದಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸುತ್ತಿದ್ದಳು. ಐವತ್ತರ ಹತ್ತಿರದ ಹೆಂಗಸು, ಗಟ್ಟಿ ಕೈಗಳು. ಗೋಡೆಯ ಮೇಲೆ ಬಾಗಿಲಷ್ಟು ದೊಡ್ಡ ‘ಕೊನೆಯ ಪಾಳಿ’. ಅದರ ಕೆಳಗೆ ನಾಗರಾಜನ ಪುಟ್ಟ ಫೋಟೋ, ಹೂವಿನ ಹಾರ, ಉರಿಯುವ ದೀಪ.

"ಬಾಮ್ಮ, ಕೂತ್ಕೊ," ಎಂದಳು. ಆಮೇಲೆ ಸಮವಸ್ತ್ರ ನೋಡಿ, "ಕೂತ್ಕೊಳಿ ಮೇಡಂ," ಎಂದು ತಿದ್ದಿಕೊಂಡಳು.

ಕಲ್ಪನ ಕೂರಲಿಲ್ಲ. ಫೋನಿನಲ್ಲಿ ಸ್ಕ್ಯಾನ್ ತೆರೆದು ಅವಳ ಮುಂದೆ ಹಿಡಿದಳು.

"ಇದನ್ನ ತೆಗೆದಿದ್ದು ನೀವು ಅಕ್ಕಾ."

ಶಶಿರೇಖ ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟಳು. ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ಗಣಿ ಕಾರ್ಮಿಕನ ಗಲ್ಲದ ಮೇಲೆ ನಿಲ್ಲಿಸಿದಳು.

"ಅಳ್ತಾವ್ನೆ," ಎಂದಳು. "ನಾನು ಅವತ್ತೇ ನೋಡಿದ್ದೆ. ಅದಕ್ಕೇ ಒತ್ತಿದ್ದು. ಪ್ರಿಂಟಲ್ಲಿ ಯಾವತ್ತೂ ಕಾಣ್ಲಿಲ್ಲ." ಚಿತ್ರವನ್ನು ಕೆಳಗೆ ಸರಿಸಿದಳು. ಹಲ್ಲನ್ನು ಕಂಡು ಬೆರಳು ನಿಂತಿತು. "ಇಷ್ಟು ಚೂಪಾಗಿ ಯಾರು ಮಾಡ್ಕೊಟ್ರು?"

"ಸುಧಾಕರ್."

"ಅವ್ನಿಗೀಗ ಗೊತ್ತಾಯ್ತಾ?"

"ಗೊತ್ತಾಯ್ತು."

"ಏನಂದ?"

"ಅತ್ತ."

"ಅಳ್ಲಿ," ಎಂದಳು ಶಶಿರೇಖ. ಅವಳ ತುಟಿಯ ಮೂಲೆ ಸ್ವಲ್ಪ ಮೇಲೆದ್ದಿತ್ತು. "ಇಬ್ರೂ ಇದೇ ಅಂಗಳದಲ್ಲಿ ಕಚ್ಚಾಡೋರು. ನಂದು, ನಂದು. ನಾನು ಕಾಫಿ ತಂದ್ಕೊಡ್ತಿದ್ದೆ. ಒಬ್ನಾದ್ರೂ ತಲೆ ಎತ್ತಿ, ನೀನೂ ಅಲ್ಲಿದ್ದೆ ಅಲ್ವಾ ಶಶೀ, ಅಂತ ಕೇಳ್ಲಿಲ್ಲ."

"ನೀವ್ಯಾಕೆ ಹೇಳ್ಲಿಲ್ಲ?"

"ಏಳ್ದೆ. ಬೆಂಗ್ಳೂರಿಗೆ ಕಳ್ಸೋಕೆ ಮುಂಚೇನೇ ಏಳ್ದೆ. ನಕ್ಕ. ‘ಮನೆಯೊಳಗಿಂದೇ ತಾನೆ, ಯಾರೆಸ್ರಾದ್ರೇನು’ ಅಂದ. ಬಹುಮಾನ ಬಂದ್ಮೇಲೆ ನಗೋದೂ ನಿಲ್ಲಿಸ್ದ. ನಾನು ಕ್ಯಾಮೆರಾ ಮುಟ್ಟಿದ್ರೆ ಸಾಕು, ಅಡಿಗೆ ಆಯ್ತಾ ಅನ್ನೋನು. ಅವನಿಗೆ ಭಯ ಮೇಡಂ, ಇನ್ನೊಂದು ಅಂಥದ್ದು ತೆಗ್ದುಬಿಟ್ರೆ ಅಂತ. ಅವನು ಆಮೇಲೆ ಒಂದೂ ತೆಗೀಲಿಲ್ವಲ್ಲ!"

ಅವಳು ಗೋಡೆಯ ಮೇಲಿನ ದೊಡ್ಡ ಚಿತ್ರದ ಕಡೆ ತಿರುಗಿದಳು. ಮಕ್ಕಳಿಲ್ಲದ ಮನೆಯಲ್ಲಿ ದಿನಾ ಅದರ ಧೂಳು ಒರೆಸಿದವಳು ಅವಳೇ. ಕೆಳಗಿನ ಸಹಿಯನ್ನೂ.

"ಆ ಕ್ಯಾಮೆರಾ ಈಗ ಎಲ್ಲಿದೆ?" ಎಂದು ಕಲ್ಪನ ಕೇಳಿದಳು.

ಶಶಿರೇಖಳ ಮುಖ ಒಮ್ಮೆಲೇ ಬದಲಾಯಿತು. ಇಷ್ಟು ಹೊತ್ತು ಅದರಲ್ಲಿದ್ದದ್ದು ಹಳೆಯ, ತಣ್ಣಗಾದ ನೋವು. ಇದು ಹಸಿ.

"ಚೈತ್ರನ್ನ ಕೇಳಿ."

ಚೈತ್ರ ನಾಗರಾಜನ ಬಳಿ ಫೋಟೋಗ್ರಫಿ ಕಲಿಯುತ್ತಿದ್ದ ಕಾಲೇಜು ಹುಡುಗಿ. ಪ್ರದರ್ಶನದ ಓಡಾಟವೆಲ್ಲ ಅವಳದೇ ಎಂದು ಕಲ್ಪನಳಿಗೆ ಗೊತ್ತಿತ್ತು.

"ಅವಳ ಹತ್ರ ಹೇಗೆ ಹೋಯ್ತು?"

"ಭಾನುವಾರ ಬೆಳಿಗ್ಗೆ ಕರ್ಸಿದ್ದ. ನಡುಮನೇಲಿ ನಿಲ್ಸಿ, ‘ಇದು ನನ್ನ ಮೊದಲ್ನೇ ಕ್ಯಾಮೆರಾ, ಕೊನೆಯ ಪಾಳಿ ತೆಗ್ದಿದ್ದು ಇದ್ರಲ್ಲೇ, ಇನ್ನು ನಿಂದು’ ಅಂತ ಅವಳ ಕತ್ತಿಗಾಕ್ದ. ನನ್ನ ಕಣ್ಮುಂದೇನೇ. ಆ ಪಟ್ಟಿ ಸರಿ ಮಾಡಿ ಆಕ್ದ ಮೇಡಂ, ಕೂದ್ಲು ಸಿಕ್ಕಾಕೊಳ್ದಂಗೆ." ಅವಳು ತನ್ನ ಕತ್ತಿನ ಹಿಂದೆ ಕೈಯಿಟ್ಟು ತೋರಿಸಿದಳು. "ನಂಗೆ ಯಾವತ್ತಾದ್ರೂ ಅಂಗೆ ಆಕಿದ್ನಾ? ಆ ಉಡ್ಗಿ ಫೋಟೋ ನೋಡಿ ‘ಏನು ಕಣ್ಣು ಕಣೇ ನಿಂದು’ ಅನ್ನೋನು. ಆ ಮಾತು ನನಗೆ ಬರ್ಬೇಕಿತ್ತು. ಒಂದ್ಸಲ. ಒಂದೇ ಒಂದ್ಸಲ ಸಾಕಾಗಿತ್ತು."

ಕಲ್ಪನ ಒಂದು ಹೆಜ್ಜೆ ಹತ್ತಿರ ಬಂದಳು.

"ಅವತ್ತು ಸಂಜೆ ನೀವು ಎಲ್ಲಿದ್ರಿ ಅಕ್ಕಾ?"

"ಅವತ್ತೇ ಏಳಿದ್ನಲ್ಲ. ಬೇತಮಂಗಲದಲ್ಲಿ. ನಮ್ಮ ದೊಡ್ಡಮ್ಮ ಅಮ್ಮಾಜಮ್ಮನ ಮನೇಲಿ. ಇಂಗಾಯ್ತು ಅಂತ ಫೋನ್ ಬಂದ್ಮೇಲೇನೆ ಬಂದಿದ್ದು."

"ಬೆಳಿಗ್ಗೆ ಆ ಮಾತಾದ ತಕ್ಷಣ ಹೊರಟ್ರಾ?"

"ಔದು. ಆ ಉಡ್ಗಿ ಇನ್ನೂ ಮನೇಲಿರ್ವಾಗ್ಲೇ ಒಂಟ್ಬಿಟ್ಟೆ."

"ಅಂದ್ರೆ, ಅದಾದ್ಮೇಲೆ ನೀವು ಅವರನ್ನ ನೋಡ್ಲೇ ಇಲ್ಲ."

"ಇಲ್ಲ."

"ಫೋನಲ್ಲಿ?"

"ಮಾತಾಡ್ಲಿಲ್ಲ. ನಾನ್ಯಾಕೆ ಮಾತಾಡ್ಲಿ?"

"ಒಂದೇ ಒಂದು ನನಗೆ ಅರ್ಥ ಆಗ್ತಿಲ್ಲ," ಎಂದಳು ಕಲ್ಪನ. "ಇಷ್ಟು ವರ್ಷ ಬೀರುವಿನಿಂದ ಹೊರಗೆ ಬರದಿದ್ದ ನೆಗೆಟಿವ್ ಅವತ್ತು ಅವರ ಜೇಬಿನಲ್ಲಿ ಯಾಕಿತ್ತು?"

"ಸುಟ್ಟಾಕ್ತೀನಿ ಅಂತ," ಎಂದಳು ಶಶಿರೇಖ. ಮಾತು ತಾನೇ ಜಾರಿ ಬಂದಿತ್ತು. "ಮಹಡಿ ಮೇಲೆ ತಗೊಂಡೋಗಿ ಸುಟ್ಟಾಕ್ತೀನಿ, ಆಮೇಲೆ ಯಾರತ್ರ ಓಗಿ ಸಾಬೀತು ಮಾಡ್ತೀಯೋ ನೋಡ್ತೀನಿ ಅಂತ…"

ಅವಳು ನಿಲ್ಲಿಸಿದಳು.

ಹಿತ್ತಲಿನಲ್ಲಿ ನಲ್ಲಿಯಿಂದ ಬಕೆಟ್ಟಿಗೆ ನೀರು ತೊಟ್ಟಿಕ್ಕುತ್ತಿತ್ತು.

"ಯಾವಾಗ ಅಂದ್ರು ಅಕ್ಕಾ?" ಕಲ್ಪನಳ ಧ್ವನಿ ಬಹಳ ಮೆತ್ತಗಿತ್ತು. "ಬೆಳಿಗ್ಗೆ ನೀವು ಹೊರಟ್ರಿ. ಫೋನಲ್ಲಿ ಮಾತಾಡ್ಲಿಲ್ಲ. ಈ ಮಾತು ಯಾವಾಗ ಅಂದ್ರು?"

ಶಶಿರೇಖ ಬಾಯಿ ತೆರೆದಳು.

ಅವಳ ಕೈಯಲ್ಲಿದ್ದ ಕಲ್ಪನಳ ಫೋನು ಬಡಿದುಕೊಳ್ಳತೊಡಗಿತು. ಬೆಚ್ಚಿದ ಅವಳ ಹೆಬ್ಬೆರಳು ಪರದೆಗೆ ತಾಗಿ ಕರೆ ತೆರೆದುಕೊಂಡಿತು. ಠಾಣೆಯಿಂದ ಹೆಡ್ ಕಾನ್‌ಸ್ಟೆಬಲ್ ಮುನಿಸ್ವಾಮಪ್ಪ. ಅವನ ಗಂಟಲು ದೊಡ್ಡದು, ಸ್ಪೀಕರ್ ಬೇಕಿರಲಿಲ್ಲ.

"ಮೇಡಂ, ಬೇಗ ಬನ್ನಿ! ಬಂಗಾರಪೇಟೆ ಸುಧಾಕರ್ ಸ್ಟೇಷನ್ನಿಗೆ ಬಂದವ್ನೆ. ತಾನಾಗೇ ಬಂದವ್ನೆ! ನಾಗರಾಜನ್ನ ತಳ್ಳಿದ್ದು ನಾನೇ, ಬರ್ಕೊಳಿ ಅಂತ ಕೂತವ್ನೆ. ಸಾಹೇಬ್ರು ಬರ್ಕೊಳ್ತಾವ್ರೆ!"

ಕಲ್ಪನ ಫೋನಿಗೆ ಕೈ ಚಾಚಿದಳು. ಚಾಚಿದ ಕೈ ಅರ್ಧದಲ್ಲೇ ನಿಂತಿತು.

ಅವಳು ಎಷ್ಟೋ ಮನೆಗಳಲ್ಲಿ ಇಂಥ ಗಳಿಗೆ ನೋಡಿದ್ದಳು. ಬೇರೆಯವರು ತಪ್ಪೊಪ್ಪಿಕೊಂಡ ಸುದ್ದಿ ಬಂದಾಗ ಜನರ ಮುಖದ ಮೇಲೆ ನೆಮ್ಮದಿ ಇಳಿಯುವುದನ್ನು, ಎಷ್ಟೇ ಅಡಗಿಸಿದರೂ ಭುಜ ಸಡಿಲವಾಗುವುದನ್ನು. ಶಶಿರೇಖಳ ಮುಖದಲ್ಲಿ ಅದಿರಲಿಲ್ಲ. ಕಣ್ಣು ಕಿರಿದಾಗಿ, ದವಡೆ ಬಿಗಿದು, ಕಿವಿಯವರೆಗೂ ರಕ್ತ ಏರಿತ್ತು. ಇವತ್ತು ಬೆಳಿಗ್ಗೆ ಬಂಗಾರಪೇಟೆಯ ಸ್ಟೂಲಿನ ಮೇಲೆ ಕೂತಿದ್ದವನ ಕಣ್ಣಿನಲ್ಲಿ ಕಲ್ಪನ ಕಂಡಿದ್ದ ಅದೇ ಹಸಿವು.

"ಅವ್ನಾ?" ಎಂದಳು ಶಶಿರೇಖ. "ಅವ್ನು ಬೀದಿ ತಿರುವಲ್ಲಿ ನಿಂತು ಬಾಯಿ ಬಿಟ್ಕೊಂಡು ನೋಡ್ತಿದ್ದ ಅಷ್ಟೇ!"

"ಅಕ್ಕಾ…"

"ಇದನ್ನೂ ತನ್ನೆಸ್ರಿಗೇ ಬರೆಸ್ಕೊಳ್ತಾವ್ನಾ? ಅವನೊಂದು ತಗೊಂಡ, ಇವನೊಂದು ತಗೊಳ್ತಾನಾ?" ಅವಳ ಧ್ವನಿ ಹಾರ ಹಾಕಿದ ಫೋಟೋವನ್ನೂ ದಾಟಿ ಬೀದಿಗೆ ಕೇಳುವಷ್ಟು ಏರಿತು. "ನಾನು ಮಾಡಿದ್ದು ಒಂದಾದ್ರೂ ನನ್ನೆಸ್ರಲ್ಲಿ ಇರ್ಬಾರ್ದಾ?"

ಫೋನಿನಲ್ಲಿ ಮುನಿಸ್ವಾಮಪ್ಪ ಹಲೋ, ಹಲೋ ಎನ್ನುತ್ತಲೇ ಇದ್ದ. ಕಲ್ಪನ ಮೆಲ್ಲಗೆ ಅದನ್ನು ಅವಳ ಕೈಯಿಂದ ಬಿಡಿಸಿಕೊಂಡು ಕರೆ ಕಡಿದಳು.

"ಏನು ಮಾಡಿದ್ದು ಅಕ್ಕಾ?"

ಶಶಿರೇಖ ಅವಳನ್ನು ದಿಟ್ಟಿಸಿದಳು. ಉಸಿರು ತಹಬದಿಗೆ ಬಂತು. ಕೆದರಿದ ಸೆರಗನ್ನು ಸರಿಮಾಡಿಕೊಂಡಳು. ಪಕ್ಕದಲ್ಲಿದ್ದ ಕುರ್ಚಿಯನ್ನು ಎಳೆದು, ಬಾಗಿಲಷ್ಟು ದೊಡ್ಡ ಆ ಚಿತ್ರದ ಕೆಳಗೆ, ಅದಕ್ಕೆ ಬೆನ್ನು ಹಾಕಿ, ಫೋಟೋ ತೆಗೆಸಿಕೊಳ್ಳಲು ಕೂರುವವರ ಹಾಗೆ ನೆಟ್ಟಗೆ ಕೂತಳು.

"ಬರ್ಕೊಳಿ," ಎಂದಳು. "ಮೊದಲ್ನೇದು, ಆ ಫೋಟೋ."